ಪಟ್ಟ ಯಾರಿಗೆ?

ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯ ಮಹಡಿಯಲ್ಲಿರುವವರ ಮಗ, ಹೈಸ್ಕೂಲು ಹುಡುಗ, ಬೇಸಗೆಯ ರಜೆಯಲ್ಲಿ ಒಂದೇ ವೀಡಿಯೋ ಗೇಮನ್ನು ನಾಲ್ಕನೆಯ ಸಲ ಆಡಿ ಮುಗಿಸಿದನೆಂದು ತಿಳಿಯಿತು. "ಗೊತ್ತಿರುವ ಕತೆಯನ್ನೇ ಮತ್ತೆ ಮತ್ತೆ ಆಡುವುದರಲ್ಲಿ ಏನು ಸ್ವಾರಸ್ಯವಪ್ಪಾ?" ಎಂದೆ. "ಪ್ರತಿ ಸಲವೂ ಎಂಡಿಂಗ್ ಬೇರೆ, ಅಂಕಲ್" ಎಂದ. ದಾರಿ ಕವಲೊಡೆಯುವಲ್ಲೆಲ್ಲ ಆಡುವವನೇ ಒಂದನ್ನು ಆರಿಸಬೇಕಂತೆ. ಆರಿಸಿದ್ದಕ್ಕೆ ತಕ್ಕಂತೆ ಕತೆಯ ಕೊನೆ. ನಾನು ಅಲ್ಲಿಗೇ ಸುಮ್ಮನಾಗಬಹುದಿತ್ತು. ಆದರೆ ಮೇಷ್ಟರ ನಾಲಗೆ. "ಮಹಾಭಾರತಕ್ಕೆ ಹಾಗೆ ಮಾಡಲಾದೀತೇ? ಗೆದ್ದವರು ಪಾಂಡವರು, ಪಟ್ಟ ಧರ್ಮರಾಯನಿಗೆ. ಕೊನೆ ಒಂದೇ" ಎಂದುಬಿಟ್ಟೆ.

ಮನೆಯೊಳಕ್ಕೆ ಬಂದು ಪುಸ್ತಕದ ಕಪಾಟನ್ನು ಕಂಡಾಗ ನಾಚಿಕೆಯಾಯಿತು. ಇಷ್ಟು ವರ್ಷ ಪಂಪ ರನ್ನರನ್ನು ಪಾಠ ಹೇಳಿದವನು ಆಡುವ ಮಾತೇ ಅದು?

ಪಂಪನ 'ವಿಕ್ರಮಾರ್ಜುನ ವಿಜಯ' ಕ್ರಿ.ಶ. 941ರದು. ಅದರ ಕೊನೆಯಲ್ಲಿ ಪಟ್ಟವೇರುವವನು ಧರ್ಮರಾಯನಲ್ಲ, ಅರ್ಜುನ. ಅವನ ಪಕ್ಕದಲ್ಲಿ ಪಟ್ಟದರಸಿಯಾಗಿ ಕುಳಿತವಳು ದ್ರೌಪದಿಯೂ ಅಲ್ಲ, ಸುಭದ್ರೆ. ಕಾರಣ ಗುಟ್ಟೇನಲ್ಲ. ವೇಮುಲವಾಡದ ಚಾಳುಕ್ಯ ಅರಿಕೇಸರಿ ಪಂಪನ ಒಡೆಯ. ಅವನನ್ನು ಅರ್ಜುನನೊಡನೆ ಒಂದಾಗಿಸಿ ಬರೆದ ಕಾವ್ಯ ಅದು. ಒಡೆಯನ ಹೆಂಡತಿಯನ್ನು ಐವರಿಗೆ ಹಂಚಲಾದೀತೇ? ಆದ್ದರಿಂದ ದ್ರೌಪದಿ ಅರ್ಜುನನೊಬ್ಬನ ಮಡದಿಯಾದಳು. ಒಡೆಯನು ಅಣ್ಣನ ಕೈಕೆಳಗೆ ನಿಲ್ಲಲಾದೀತೇ? ಆದ್ದರಿಂದ ಸಿಂಹಾಸನ ತಮ್ಮನಿಗೆ. ಕಾವ್ಯವನ್ನು ಮೆಚ್ಚಿ ಅರಿಕೇಸರಿ ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟನು. ಪಂಪನ ಮನಸ್ಸು ಮಾತ್ರ ಕರ್ಣನ ಕಡೆಗೆ ವಾಲಿತೆಂಬುದು ಬೇರೆ ಮಾತು. ಅದನ್ನು ಯಾವ ಅರಸನೂ ತಡೆಯಲಾರ.

ಮುಂದೆ ಅರ್ಧಶತಮಾನದ ಆಸುಪಾಸಿನಲ್ಲಿ ರನ್ನನ 'ಗದಾಯುದ್ಧ'. ಇಲ್ಲಿ ಒಡೆಯ ಸತ್ಯಾಶ್ರಯ ಇರಿವಬೆಡಂಗ, ಅವನಿಗೆ ಒಪ್ಪುವ ವೀರ ಭೀಮ. ಪಟ್ಟ ಭೀಮನಿಗೆ, ದ್ರೌಪದಿಯೊಡನೆ. ಪಂಪನಲ್ಲಿ ಕೈತಪ್ಪಿದ ಕಿರೀಟ ಆ ಹೆಂಗಸಿಗೆ ಇಲ್ಲಿ ದೊರೆಯಿತು. ಸಭೆಯಲ್ಲಿ ಮುಡಿ ಹಿಡಿದೆಳೆಸಿಕೊಂಡವಳು ಸಿಂಹಾಸನವೇರುವುದನ್ನು ಓದುವಾಗ, ಇದು ಒಡೆಯನ ಮೆಚ್ಚುಗೆಗೆಂದೇ ಕಟ್ಟಿದ ಕೊನೆಯೆಂದು ಗೊತ್ತಿದ್ದರೂ, ನನಗೆ ಪಂಪನದಕ್ಕಿಂತ ಇದೇ ನ್ಯಾಯವೆನಿಸುತ್ತದೆ. ಗದುಗಿನ ಕುಮಾರವ್ಯಾಸನಿಗೆ ಮೆಚ್ಚಿಸಬೇಕಾದ ಅರಸನಿರಲಿಲ್ಲ, ವೀರನಾರಾಯಣನಿದ್ದ. ಅವನ ಭಾರತದಲ್ಲಿ ಪಟ್ಟ ಮರಳಿ ಧರ್ಮರಾಯನಿಗೇ ಸಂದಿತು.

ಒಂದು ಯುದ್ಧಕ್ಕೆ ಕನ್ನಡದಲ್ಲಿ ಮೂರು ಪಟ್ಟಾಭಿಷೇಕ! ಆದರೆ ಹುಡುಗನ ಆಟಕ್ಕೂ ಇದಕ್ಕೂ ಒಂದು ಅಂತರವುಂಟು. ಇಲ್ಲಿ ಆರಿಸಿದವನು ಕವಿ. ಅವನ ಬೆನ್ನ ಹಿಂದೆ ಅರಸ. ಕೇಳುವವನ ಕೈಯಲ್ಲಿ ಏನೂ ಇರಲಿಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿ ಕೃಷ್ಣನ ಬಾಯಿಂದ ಏನು ಬೇಕಾದರೂ ವಾದಿಸಬಹುದು, ಕರ್ಣನೂ ಸರಿಸಮವಾಗಿ ಎದುರುತ್ತರ ಕೊಡಬಹುದು. ಬೆಳಗಾಗುವ ಹೊತ್ತಿಗೆ ಪ್ರಸಂಗ ಮುಗಿಯಬೇಕಾದಲ್ಲೇ ಮುಗಿಯುತ್ತದೆ.

ಕೇಳುವವನು ಬಾಯಿ ತೆರೆದದ್ದನ್ನು ನಾನು ಕಂಡದ್ದು ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ (1988). ಎ. ಕೆ. ರಾಮಾನುಜನ್ ಹೇಳಿದ ಜನಪದ ಕತೆಯಿಂದ ಹುಟ್ಟಿದ ನಾಟಕವದು. ಪಾಳುಗುಡಿಯಲ್ಲಿ ಕುಳಿತು ಕತೆ ಕೇಳುತ್ತಿರುವ ನಾಟಕಕಾರ, ರಾಣಿಯೂ ಅಪ್ಪಣ್ಣನೂ ಸುಖವಾಗಿದ್ದರೆಂಬ ಕೊನೆಯನ್ನು ಒಪ್ಪುವುದಿಲ್ಲ. ನಾಗನ ಗತಿಯೇನೆಂದು ಕೇಳುತ್ತಾನೆ. ಆಗ ನಾಗ ರಾಣಿಯ ಕೂದಲಿನಲ್ಲಿ ಸಿಕ್ಕಿ ಸಾಯುತ್ತದೆ. ಅದೂ ಸಮ್ಮತವಾಗದೆ ಮತ್ತೊಂದು ಕೊನೆ: ನಾಗ ಬದುಕಿ, ಅವಳ ಮುಡಿಯಲ್ಲೇ ಅಡಗುತ್ತದೆ.

ಅಷ್ಟರಲ್ಲಿ ಅಮೆರಿಕದಲ್ಲಿ ಈ ಕೆಲಸ ಯಂತ್ರಕ್ಕೆ ಸೇರಿತ್ತು. ಗುಹೆಗಳಲ್ಲಿ ಅಲೆಯುವ ಹವ್ಯಾಸವಿದ್ದ ವಿಲಿಯಂ ಕ್ರೌದರ್ ಎಂಬ ಪ್ರೋಗ್ರಾಮರ್ ಬರೆದ ಗುಹೆಯ ಆಟವನ್ನು 1977ರಲ್ಲಿ ಡಾನ್ ವುಡ್ಸ್ ಬೆಳೆಸಿದ; ಆಡುವವನು ಒಂದೆರಡು ಪದ ಬೆರಳಚ್ಚಿಸಿ ದಾರಿ ಹುಡುಕಬೇಕಿತ್ತು. 1995ರಲ್ಲಿ ಜಪಾನಿನ 'ಕ್ರೋನೋ ಟ್ರಿಗರ್' ಹತ್ತಕ್ಕೂ ಮಿಕ್ಕ ಕೊನೆಗಳನ್ನು ಒಳಗೊಂಡು ಬಂದಿತು.

ಮಹಡಿಯ ಹುಡುಗ ಆಡಿದ್ದು 2015ರ 'ಅಂಡರ್‌ಟೇಲ್'. ಭೂಮಿಯೊಳಗಿನ ರಾಕ್ಷಸರ ನಾಡಿಗೆ ಬಿದ್ದ ಮಗು ಎದುರಾದವರನ್ನು ಕೊಲ್ಲಬಹುದು, ಕರುಣೆ ತೋರಿ ಬಿಡಬಹುದು. ಒಬ್ಬರನ್ನೂ ಕೊಲ್ಲದೆ ಮುಗಿಸಲೂ ಬಹುದು. ಒಮ್ಮೆ ಎಲ್ಲರನ್ನೂ ಕೊಂದು ಮುಗಿಸಿದವನು ಮತ್ತೆ ಮೊದಲಿಂದ ಆಡಿ, ಎಲ್ಲರನ್ನೂ ಉಳಿಸಿದನೆನ್ನಿ; ಸುಖಾಂತದ ಕಟ್ಟಕಡೆಯ ನೋಟದಲ್ಲಿ ಹಳೆಯ ಕೊಲೆಯ ಕಲೆ ಕಾಣಿಸಿಕೊಳ್ಳುತ್ತದೆ. ಆಟ ಮರೆಯುವುದಿಲ್ಲ. "ಹಾಗಾದರೆ ನೀನು?" ಎಂದು ಕೇಳಿದೆ. ಹುಡುಗ ತಲೆತಗ್ಗಿಸಿ, "ಮೂರನೇ ಸಲ ಎಲ್ಲರನ್ನೂ ಕೊಂದೆ ಅಂಕಲ್, ಏನಾಗತ್ತೆ ನೋಡೋಣ ಅಂತ" ಎಂದ.

ನಾನೂ ನನ್ನ ತಪ್ಪನ್ನು ಒಪ್ಪಿಕೊಂಡು ಮೂರು ಪಟ್ಟಾಭಿಷೇಕಗಳ ವಿಷಯ ಹೇಳಿದೆ. ಗಮನವಿಟ್ಟು ಕೇಳಿದ. ಅರ್ಜುನ, ಭೀಮ, ಧರ್ಮರಾಯ ಎಂದು ಬೆರಳು ಮಡಿಸಿ ಎಣಿಸಿದ. ಆಮೇಲೆ, "ದ್ರೌಪದಿ ಆಗಿ ಆಡೋಕಾಗಲ್ವಾ?" ಎಂದು ಕೇಳಿದ.