ಬಾಜಿಯ ದರ, ಮತದ ಲೆಕ್ಕ

ಚುನಾವಣೆಯ ಮೇಲೆ ಬಾಜಿ ಕಟ್ಟುವುದು ಅಂತರ್ಜಾಲ ತಂದ ಚಟವಲ್ಲ. ನಮ್ಮ ಫೋರ್ಟ್ ಮಿಲ್‌ಗೆ ಹೊಂದಿದ ಉತ್ತರ ಕೆರೊಲಿನಾದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದಲ್ಲಿದ್ದ ಪಾಲ್ ರೋಡ್, ಕೋಲ್ಮನ್ ಸ್ಟ್ರಂಫ್ 2004ರಲ್ಲಿ ಅದರ ಇತಿಹಾಸ ಬರೆದರು. ವೈಜ್ಞಾನಿಕ ಸಮೀಕ್ಷೆ ಹುಟ್ಟುವ ಮೊದಲೇ ನ್ಯೂಯಾರ್ಕಿನ ಪತ್ರಿಕೆಗಳು ವಾಲ್‌ಸ್ಟ್ರೀಟ್‌ನ ಬಾಜಿ ದರ ಅಚ್ಚುಹಾಕುತ್ತಿದ್ದವು. ಅವು ಬಹುಪಾಲು ನಿಜವೂ ಆಗುತ್ತಿದ್ದವು. 1916ರಲ್ಲಿ ದರ ಹ್ಯೂಸ್ ಕಡೆಗಿತ್ತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ವಿಲ್ಸನ್ ಗೆದ್ದು, ಅಧ್ಯಕ್ಷರಾಗಿ ಉಳಿದರು.

1988ರಲ್ಲಿ ಅಯೋವಾ ವಿಶ್ವವಿದ್ಯಾಲಯ ಸಂಶೋಧನೆಗೆಂದು ಇಂಥದೇ ಮಾರುಕಟ್ಟೆ ತೆರೆಯಿತು. ಗೆದ್ದರೆ ಒಂದು ಡಾಲರ್ ಕೊಡುವ ಚೀಟಿಯ ಬೆಲೆ 60 ಸೆಂಟ್ ಎಂದರೆ, ಗೆಲ್ಲುವ ಸಾಧ್ಯತೆ ನೂರಕ್ಕೆ ಅರವತ್ತು. ಉಳಿದ ನಲವತ್ತು ಸೋಲಿನದು. ದರ ನೋಡಿ ‘ಮುಗೀತು ಬಿಡಿ’ ಎಂದು ಮತಗಟ್ಟೆಗೆ ಹೋಗದ ಗೆಳೆಯರಿಗೆ ಲೆಕ್ಕಿಗನ ಮಾತಿಷ್ಟೆ: ಅಂದಾಜನ್ನು ಜಮೆಗೆ ಬರೆಯಬೇಡಿ.