ಪದ ಪರಿಚಯ: ಅಗೋಚರ ವೈಕಲ್ಯ

ನೋಡುವವರ ಕಣ್ಣಿಗೆ ಬೀಳದ, ಆದರೆ ಬದುಕಿಗೂ ದುಡಿಮೆಗೂ ತೊಡಕಾಗುವ ದೇಹದ ಅಥವಾ ಮನಸ್ಸಿನ ಸ್ಥಿತಿಯೇ ಅಗೋಚರ ವೈಕಲ್ಯ.

‘ಗೋಚರ’ ಸಂಸ್ಕೃತ ಪದ. ಮೂಲಾರ್ಥ ದನ ಮೇಯುವ ಜಾಗ. ಮುಂದೆ ಇಂದ್ರಿಯಗಳ ಎಟುಕಿಗೆ ಸಿಗುವುದು ಎಂಬ ಅರ್ಥ ಬಂತು, ಎಟುಕದ್ದು ‘ಅಗೋಚರ’. ‘ಕಲಾ’ ಎಂದರೆ ಅಂಶ. ಅಂಶ ಕುಂದಿದ್ದು ‘ವಿಕಲ’, ಅದರ ಭಾವನಾಮ ‘ವೈಕಲ್ಯ’. ರೂಢಿಯ ‘ಅಂಗವೈಕಲ್ಯ’ ಕೈಕಾಲುಗಳನ್ನೇ ನೆನಪಿಸುವುದರಿಂದ ಇಲ್ಲಿ ಬರಿಯ ‘ವೈಕಲ್ಯ’ವೇ ಒಪ್ಪುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಶ್ರವಣದೋಷ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಹಿಮೋಫಿಲಿಯಾ ಸಾಮಾನ್ಯವಾಗಿ ಹೊರಗೆ ಕಾಣುವುದಿಲ್ಲ. ಹಾಸನದ ಗಾರ್ಮೆಂಟ್ಸ್‌ನಲ್ಲಿ ಕಿವಿ ಮಂದವಾದ ಟೈಲರ್‌ಗೆ ಯಂತ್ರಗಳ ಸದ್ದಿನಲ್ಲಿ ಮಾತು ಕೇಳಿಸದಿದ್ದರೆ ಅದು ಅಸಡ್ಡೆಯೆನಿಸಿಬಿಡಬಹುದು; ಸೂಚನೆಯನ್ನು ಬರೆದು ಕೊಟ್ಟರೆ ತೊಡಕು ನೀಗುತ್ತದೆ. ಇಂಥ ಅನುಕೂಲಕ್ಕೆ ‘ಸೂಕ್ತ ಹೊಂದಾಣಿಕೆ’ ಎನ್ನಬಹುದು. ಇದೇ ಕಾಯ್ದೆಯಂತೆ, ಸೇವೆಯಲ್ಲಿದ್ದಾಗ ವೈಕಲ್ಯ ಬಂತೆಂದು ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ.

ವಿಕಲಚೇತನರಿಗೆ ಕೊಡುವ ವಿಶಿಷ್ಟ ಗುರುತಿನ ಚೀಟಿಯ ಮಾಹಿತಿಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ಕಾಣದ ಕಾರಣಕ್ಕೆ ನೋವನ್ನು ನೆಪವೆನ್ನುವುದು ಅನ್ಯಾಯ. ಸಹೋದ್ಯೋಗಿಯ ಮಾತನ್ನು ಮೊದಲು ನಂಬಬೇಕು.