ಏನಿದು ಮಾಂಟ್ರಿಯಲ್ ಒಪ್ಪಂದ? ಓಝೋನ್ ಪದರ ಉಳಿಸಲು ಜಗತ್ತು ಒಂದಾಗಿದ್ದು ಹೀಗೆ
ಓಝೋನ್ ಪದರ ಯಾವುದೇ ಒಂದು ದೇಶದ ಸ್ವತ್ತಲ್ಲ. ಅದು ತೆಳುವಾದರೆ ಸೂರ್ಯನ ಅತಿನೇರಳೆ ಕಿರಣಗಳಿಂದ ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆಯ ಅಪಾಯ ಎಲ್ಲರಿಗೂ ಹೆಚ್ಚುತ್ತದೆ. ಫ್ರಿಜ್, ಎಸಿ, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳೇ ಈ ಹಾನಿಗೆ ಮುಖ್ಯ ಕಾರಣ.

1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾ ಮೇಲಿನ ಓಝೋನ್ ರಂಧ್ರದ ವರದಿ ಪ್ರಕಟಿಸಿದರು. 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು.

ಭಾರತ ಸೇರಿದ್ದು ಯಾವಾಗ?

ಬದಲಿ ತಂತ್ರಜ್ಞಾನದ ಖರ್ಚು ಯಾರು ಭರಿಸಬೇಕು ಎಂಬುದು ಭಾರತದ ಪ್ರಶ್ನೆಯಾಗಿತ್ತು. 1990ರಲ್ಲಿ ಶ್ರೀಮಂತ ದೇಶಗಳ ಹಣದಿಂದ ಬಹುಪಕ್ಷೀಯ ನಿಧಿ ಸ್ಥಾಪಿಸಲು ಒಪ್ಪಿಗೆ ಸಿಕ್ಕಿತು. 1992ರಲ್ಲಿ ಭಾರತ ಸೇರ್ಪಡೆಯಾಯಿತು.

ಯಶಸ್ಸಿನ ಗುಟ್ಟೇನು?

* ಅಭಿವೃದ್ಧಿಶೀಲ ದೇಶಗಳಿಗೆ ಹೆಚ್ಚುವರಿ ಕಾಲಾವಕಾಶ ಹಾಗೂ ಹಣದ ನೆರವು.
* ಒಪ್ಪಂದದಿಂದ ಹೊರಗುಳಿದವರೊಂದಿಗೆ ಈ ರಾಸಾಯನಿಕಗಳ ವ್ಯಾಪಾರಕ್ಕೆ ನಿರ್ಬಂಧ.
* ಹೊಸ ವೈಜ್ಞಾನಿಕ ಮಾಹಿತಿ ಬಂದಂತೆ ಗುರಿಗಳ ಪರಿಷ್ಕರಣೆ.

ಮುಂದೇನು?

ಇಂದು ವಿಶ್ವಸಂಸ್ಥೆಯ ಎಲ್ಲಾ ಸದಸ್ಯ ರಾಷ್ಟ್ರಗಳೂ ಒಪ್ಪಂದದಲ್ಲಿವೆ. ಈಗಿನ ನೀತಿಗಳು ಮುಂದುವರಿದರೆ ಅಂಟಾರ್ಕ್ಟಿಕಾ ಮೇಲಿನ ಪದರ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳಲಿದೆ ಎಂಬುದು ತಜ್ಞರ ಅಂದಾಜು. ಆದರೆ ಸಿಎಫ್‌ಸಿಗೆ ಬದಲಾಗಿ ಬಂದ ಎಚ್‌ಎಫ್‌ಸಿ ಅನಿಲಗಳು ಭೂಮಿಯನ್ನು ಬಿಸಿಯಾಗಿಸುತ್ತಿವೆ. ಅವುಗಳನ್ನು ತಗ್ಗಿಸಲು 2016ರಲ್ಲಿ ಕಿಗಾಲಿ ತಿದ್ದುಪಡಿ ಬಂತು. ಭಾರತ ಇದನ್ನು 2021ರಲ್ಲಿ ಅನುಮೋದಿಸಿದೆ.